ಹಳೇ ಸೈಕಲ್ಲಿಗೆ ಚನ್ನಪಟ್ಟಣದ ಹಿಡಿ, ಮೇದರ ಬುಟ್ಟಿ

ರಾಡ್ ಬ್ರೇಕಿನ ಹಳೇ ಸೈಕಲ್ ಇದು. 22 ಇಂಚಿನ ಫ್ರೇಮು, 28 ಇಂಚಿನ ಚಕ್ರ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಗೊಬ್ಬರದ ಚೀಲ ಎಲ್ಲವನ್ನೂ ಹೊತ್ತು ಬಂದ ಜಾತಿಯದು. ಬೇರಿಂಗು, ಚೈನು, ಟಯರು ಬದಲಿಸಿದ ಮೇಲೆ ಓಟಕ್ಕೆ ತೊಂದರೆ ಇಲ್ಲ. ಆದರೆ ಈಗಿನ ನನ್ನ ಕೆಲಸವೇ ಬೇರೆ. ಊರೊಳಗಿನ ಸಣ್ಣ ಓಡಾಟ, ತರಕಾರಿ, ಪುಸ್ತಕ, ಮಳೆಗಾಲದಲ್ಲಿ ಒಂದು ಕೋಟು. ಹಿಂದಿನ ಕ್ಯಾರಿಯರ್‌ಗೆ ಹಗ್ಗ ಬಿಗಿದು ಟೊಮೆಟೊ ತರೋಕೆ ಆಗುತ್ತಾ? ಹ್ಯಾಂಡಲ್ಲಿನ ರಬ್ಬರ್ ಹಿಡಿಗಳಂತೂ ಕರಗಿ ಅಂಟುತ್ತಿದ್ದವು.

ಅಂಗಡಿಯಲ್ಲಿ ಹೊಸ ಹಿಡಿಯೂ ಸಿಗುತ್ತದೆ, ತಂತಿ ಬುಟ್ಟಿಯೂ ಸಿಗುತ್ತದೆ. ನಾನು ಅದನ್ನು ತರಲಿಲ್ಲ. ನಮ್ಮ ಸುತ್ತಲೇ ಮರ ತಿರುವುವವರು, ಬಿದಿರು ಹೆಣೆಯುವವರು ಇದ್ದಾರೆ. ಅವರ ಕಸುಬು ಬರೀ ಷೋಕೇಸಿನಲ್ಲಿ ಕೂರಬೇಕಾಗಿಲ್ಲ, ದಿನಾ ಮುಟ್ಟುವ ವಸ್ತುವಾಗಿ ಬೀದಿಗೆ ಇಳಿಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೆ ಹಳೇ ವಿನ್ಯಾಸವನ್ನು ಹೊಸ ವಸ್ತುವಿನ ಮೇಲೆ ಅಂಟಿಸಿದರೆ ಸಾಲದು. ಮರಕ್ಕೆ ಏನು ತಡೆಯುತ್ತದೆ, ಅರಗಿಗೆ ಏನು ತಡೆಯುವುದಿಲ್ಲ, ಬಿದಿರು ಎಲ್ಲಿ ಬಾಗುತ್ತದೆ ಅಂತ ಕೇಳಿ ಆಕಾರವನ್ನೇ ಅದಕ್ಕೆ ತಕ್ಕಂತೆ ಕಟ್ಟಬೇಕು. ಈ ಕೆಲಸದಲ್ಲಿ ನಾನು ಮಾಡಿದ್ದು ಬಹುಪಾಲು ಈ ಕೇಳುವ ಕೆಲಸವೇ.

ಮೊದಲು ಅರಗಿನ ಪರೀಕ್ಷೆ

ಚನ್ನಪಟ್ಟಣ ಬೆಂಗಳೂರಿನಿಂದ ಮೈಸೂರು ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ಅಲ್ಲಿನ ಬೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಬೊಂಬೆಗೆ ಹೆಚ್ಚಾಗಿ ಬಳಸುವುದು ಆಲೆ ಮರ. ಬಿಳಿ ಬಣ್ಣ, ಹಗುರ, ಎಳೆ ಬಲು ನುಣುಪು. ಉಳಿ ಹಿಡಿದರೆ ಚಕ್ಕೆ ರಿಬ್ಬನ್ನಿನಂತೆ ಬಿಡಿಸಿಕೊಂಡು ಬರುತ್ತದೆ. ಆಂಧ್ರದ ಏಟಿಕೊಪ್ಪಾಕದ ಬೊಂಬೆಗಳದ್ದೂ ಇದೇ ಮರ, ಇದೇ ಅರಗು.

ಬಣ್ಣ ಹಚ್ಚುವ ರೀತಿ ನೋಡಲೇಬೇಕಾದದ್ದು. ಅರಗನ್ನು ಕೆಂಡದ ಶಾಖಕ್ಕೆ ಮೆತ್ತಗೆ ಮಾಡಿ, ಬಣ್ಣ ಸೇರಿಸಿ ನಾದಿ, ಎಳೆದು ಕಡ್ಡಿ ಮಾಡಿಟ್ಟುಕೊಳ್ಳುತ್ತಾರೆ. ಲೇತಿನ ಮೇಲೆ ಗಿರ್ರನೆ ತಿರುಗುವ ಮರಕ್ಕೆ ಆ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಒಣಗಿದ ತಾಳೆಗರಿ ಒತ್ತಿ ಹಿಡಿದರೆ ಬಣ್ಣ ಸಮನಾಗಿ ಹರಡಿ ಹೊಳಪು ಬರುತ್ತದೆ. ಬ್ರಷ್ಷಿಲ್ಲ, ಥಿನ್ನರ್ ಇಲ್ಲ, ಒಣಗಲಿ ಅಂತ ಕಾಯುವುದೂ ಇಲ್ಲ.

ಆದರೆ ಬಿಸಿಗೆ ಕರಗಿ ಹತ್ತಿದ್ದು ಬಿಸಿಗೆ ಮತ್ತೆ ಮೆತ್ತಗಾಗಲೇಬೇಕು, ಅಲ್ವಾ? ಬೊಂಬೆ ಮನೆಯೊಳಗೆ ಇರುತ್ತದೆ. ಸೈಕಲ್ ಏಪ್ರಿಲ್ ಬಿಸಿಲಲ್ಲಿ ನಿಲ್ಲುತ್ತದೆ, ಜುಲೈ ಮಳೆಯಲ್ಲಿ ನೆನೆಯುತ್ತದೆ, ದಿನಾ ಬೆವರಿನ ಕೈ ತಾಗುತ್ತದೆ. ಹಾಗಾಗಿ ಹಿಡಿ ಮಾಡಿಸುವ ಮೊದಲು ಅರಗು ಹಚ್ಚಿದ ಮರದ ತುಂಡುಗಳನ್ನು ಕೇಳಿ ತಂದು ಮನೆಯಲ್ಲಿ ಪರೀಕ್ಷೆಗೆ ಇಟ್ಟೆ.

ಅರಗು ಸುಮಾರು 70 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ತಗಡಿನ ಚಾವಣಿಯ ಮೇಲೆ ಮಧ್ಯಾಹ್ನವಿಡೀ ಬಿಟ್ಟ ತುಂಡು ಕರಗಲಿಲ್ಲ, ಆದರೆ ಉಗುರು ಒತ್ತಿದರೆ ಗುರುತು ಕೂತಿತು. ಒದ್ದೆ ಬಟ್ಟೆಯಲ್ಲಿ ಸುತ್ತಿ ರಾತ್ರಿ ಇಟ್ಟದ್ದು ಬೆಳಗ್ಗೆ ಬೆಳ್ಳಗೆ ಮಂಕಾಗಿತ್ತು. ಒಣಗಿದ ಮೇಲೆ ಸ್ವಲ್ಪ ಸರಿಹೋಯಿತು, ಪೂರ್ತಿ ಅಲ್ಲ. ಎಲ್ಲಕ್ಕಿಂತ ಜಾಸ್ತಿ ಕೆಟ್ಟದ್ದು ಸ್ಯಾನಿಟೈಸರ್. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಎರಡು ಹನಿ ಹಾಕಿ ಉಜ್ಜಿದ ಕೂಡಲೇ ಬಣ್ಣ ಬಟ್ಟೆಗೆ ಬಂತು. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಸೈಕಲ್ ಹತ್ತುವವರು ಎಷ್ಟು ಜನ ಇದ್ದಾರೆ!

ಬಣ್ಣದ್ದೂ ಇದೇ ಕಥೆ. ಅರಿಶಿನದ ಹಳದಿ ಕಣ್ಣಿಗೆ ತಂಪು, ಆದರೆ ಬಿಸಿಲಿಗೆ ಬೇಗ ಬಿಳಿಚುತ್ತದೆ. ರಂಗಮಾಲೆ ಬೀಜದ ಕಿತ್ತಳೆಯೂ ಹಾಗೆಯೇ. ಕಾಡಿಗೆಯ ಕಪ್ಪು ಜಗ್ಗುವುದಿಲ್ಲ. ನೀಲಿ, ಅಂದರೆ ಇಂಡಿಗೊ, ಹಳದಿಗಿಂತ ಎಷ್ಟೋ ಹೆಚ್ಚು ಬಾಳುತ್ತದೆ. ಹಾಗಾಗಿ ನನ್ನ ಆಯ್ಕೆ ಕಪ್ಪು ಮತ್ತು ನೀಲಿ. ಹಳದಿ ಬಿಟ್ಟದ್ದಕ್ಕೆ ಬೇಸರ ಇದೆ, ಚನ್ನಪಟ್ಟಣ ಅಂದ ಕೂಡಲೇ ಮೊದಲು ನೆನಪಾಗುವ ಬಣ್ಣ ಅದು.

ಇಷ್ಟರಲ್ಲಿ ಹಿಡಿಯ ನಕ್ಷೆ ತಾನಾಗಿಯೇ ಸಿದ್ಧವಾಯಿತು. ಅಂಗೈ ಕೂರುವ ಕಡೆ ಅರಗು ಬೇಡ, ಎಣ್ಣೆ ಕುಡಿಸಿದ ಬರೀ ಮರ. ಅರಗು ಇರುವುದು ಎರಡು ಕಾಲುವೆಗಳಲ್ಲಿ ಮಾತ್ರ, ಅದೂ ಮೇಲ್ಮೈಗಿಂತ ಕೆಳಗೆ, ಕೈ ಉಜ್ಜದ ಹಾಗೆ. ತುದಿಯಲ್ಲಿ ಒಂದು ಗುಂಡು. ಅದನ್ನು ಯಾರೂ ಹಿಡಿಯುವುದಿಲ್ಲವಾದ್ದರಿಂದ ಅದಕ್ಕೆ ಪೂರ್ತಿ ಅರಗು.

ಹಿಡಿ ತಿರುವಿದ್ದು

ಅಳತೆ ಹೀಗೆ. ಹ್ಯಾಂಡಲ್ ಪೈಪಿನ ಹೊರಗಿನ ವ್ಯಾಸ 22.2 ಮಿ.ಮೀ. ಹಿಡಿಯ ಉದ್ದ 125. ಅಂಗೈ ಕೂರುವಲ್ಲಿ ದಪ್ಪ 34, ತುದಿಗಳಲ್ಲಿ 30. ಒಳಗಿನ ತೂತು 24. ತೂತು ಪೈಪಿಗಿಂತ ದೊಡ್ಡದಾಗಿರುವುದು ಬೇಕೆಂದೇ. ನಡುವೆ ಹಳೇ ಟ್ಯೂಬಿನ ರಬ್ಬರ್ ಕೂರುತ್ತದೆ. ಮರ ಮಳೆಗಾಲಕ್ಕೆ ಹಿಗ್ಗುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಕಬ್ಬಿಣದ ಪೈಪು ಅದಕ್ಕೆ ತಕ್ಕ ಹಾಗೆ ಕುಗ್ಗುವುದಿಲ್ಲ. ಎಪಾಕ್ಸಿ ಹಾಕಿ ಅಂಟಿಸಿದರೆ ಬೇಸಿಗೆಯಲ್ಲಿ ಮರ ಸೀಳುತ್ತದೆ, ಬಿಚ್ಚೋಕೂ ಆಗಲ್ಲ. ರಬ್ಬರ್ ಆ ವ್ಯತ್ಯಾಸ ನುಂಗಿಕೊಳ್ಳುತ್ತದೆ, ರಸ್ತೆಯ ಅದುರನ್ನೂ ಸ್ವಲ್ಪ ತಡೆಯುತ್ತದೆ.

ಈ ಲೆಕ್ಕದಲ್ಲಿ ಮರದ ಗೋಡೆ ದಪ್ಪ ಇರುವ ಕಡೆ 5 ಮಿ.ಮೀ., ತುದಿಗಳಲ್ಲಿ ಬರೀ 3. ನಕ್ಷೆ ತೋರಿಸಿದಾಗ ಲೇತಿನ ಹಿರಿಯರು ನೇರ ಆ ತುದಿಯ ಮೇಲೆಯೇ ಬೆರಳಿಟ್ಟರು.

‘ಇಲ್ಲಿ ಸೀಳುತ್ತೆ ಸಾರ್. ಸೈಕಲ್ ಒಂದು ಸಲ ಬಿದ್ರೆ ಸಾಕು.’

‘ಹಾಗಾದ್ರೆ ದಪ್ಪ ಮಾಡೋಣವಾ ಸಾಹೇಬ್ರೇ?’

‘ದಪ್ಪ ಮಾಡಿದ್ರೆ ಬ್ರೇಕು ಹಿಡಿಯೋಕೆ ಬೆರಳು ಎಟುಕಲ್ಲ. ಬಳೆ ಹಾಕಿ. ಉಳಿ ಹಿಡಿಗೆ ಹಾಕಲ್ವಾ, ಹಂಗೆ.’

ಹೇಳುತ್ತಲೇ ತಮ್ಮ ಉಳಿಯನ್ನು ಎತ್ತಿ ತೋರಿಸಿದರು. ಮರದ ಹಿಡಿಯ ಬಾಯಿಗೆ ಹಿತ್ತಾಳೆಯ ಬಳೆ. ಸುತ್ತಿಗೆ ಪೆಟ್ಟಿಗೆ ಮರ ಸೀಳದಂತೆ ಕಾಯುವುದೇ ಅದು. ಹಿಡಿಯ ಎರಡೂ ತುದಿಗೆ 28 ಮಿ.ಮೀ. ಒಳವ್ಯಾಸದ ಹಿತ್ತಾಳೆ ಪೈಪಿನಿಂದ 8 ಮಿ.ಮೀ. ಅಗಲದ ಬಳೆ ಕತ್ತರಿಸಿಕೊಂಡೆವು. ಮರವನ್ನು ಅಷ್ಟಕ್ಕೇ ತಿರುವಿ, ಬಳೆಯನ್ನು ಸ್ವಲ್ಪ ಬಿಸಿ ಮಾಡಿ ತಟ್ಟಿ ಕೂರಿಸಿದರು. ತಣ್ಣಗಾದ ಮೇಲೆ ಬಿಗಿ. ಇಡೀ ಸೈಕಲ್ಲಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಈ ಬಳೆ. ಅಲಂಕಾರಕ್ಕೆ ಅಂತ ಯಾರೂ ಇಟ್ಟದ್ದಲ್ಲ, ಆದರೂ ನೋಡಲು ಚೆಂದ.

ಕೆಲಸದ ಕ್ರಮವೂ ಅವರೇ ಹೇಳಿದ್ದು: ತೂತು ಮೊದಲು, ಹೊರಮೈ ಆಮೇಲೆ. ಚೆನ್ನಾಗಿ ಒಣಗಿದ ದಿಮ್ಮಿಯಲ್ಲಿ ಉದ್ದಕ್ಕೂ 24ರ ತೂತು ಕೊರೆದು, ಅದರೊಳಗೆ ಬಿಗಿಯಾಗಿ ಕೂರುವ ಮರದ ಕದಿರು ತೂರಿಸಿ, ಆ ಕದಿರನ್ನೇ ಲೇತಿಗೆ ಕಟ್ಟಿದರು. ಹೀಗೆ ಮಾಡಿದರೆ ಹೊರಮೈ ಯಾವಾಗಲೂ ತೂತಿಗೆ ನಡುವಾಗಿಯೇ ಬರುತ್ತದೆ. ಹೊರಗೆ ತಿರುವಿ ಆಮೇಲೆ ಕೊರೆದರೆ ಡ್ರಿಲ್ ಬಿಟ್ ಕೂದಲೆಳೆ ಓರೆಯಾದರೂ ಸಾಕು, ಒಂದು ಕಡೆ ಗೋಡೆ ತೆಳ್ಳಗಾಗುತ್ತದೆ.

ಕಾಲುವೆಗಳು 4 ಮಿ.ಮೀ. ಅಗಲ, 1 ಮಿ.ಮೀ. ಆಳ. ಹಿಡಿಯ ದಪ್ಪ 32ಕ್ಕೆ ಇಳಿಯುವಲ್ಲಿ ಒಂದೊಂದು. ಅಷ್ಟು ಸಣ್ಣ ಕಾಲುವೆಯೊಳಗೆ ಅರಗು ಹಚ್ಚಲು ಕಡ್ಡಿಯ ತುದಿಯನ್ನು ಚಪ್ಪಟೆ ಮಾಡಿಕೊಂಡರು. ತಾಳೆಗರಿಯನ್ನೂ ಮಡಚಿ ಅಂಚಿನಿಂದ ಒತ್ತಿದರು. ನೀಲಿಯ ಪಕ್ಕದಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಬಂತು. ಅದನ್ನು ನಾನು ಕೇಳಿರಲಿಲ್ಲ. ಅವರ ಕೈ ಸುಮ್ಮನಿರಲಿಲ್ಲ, ಅಷ್ಟೆ.

ತುದಿಯ ಗುಂಡಿನ ಕೆಲಸ ಬರೀ ಅಂದಕ್ಕಲ್ಲ. ಬಾಯಿ ತೆರೆದ ಪೈಪು ಬಿದ್ದಾಗ ಮೈಗೆ ಚುಚ್ಚಿದರೆ ಅಪಾಯ, ಮಳೆನೀರೂ ಒಳಗೆ ಹೋಗುತ್ತದೆ. ಗುಂಡಿನ ನಡುವೆ 6 ಮಿ.ಮೀ. ಬೋಲ್ಟು, ಅದರ ಹಿಂದೆ ಪೈಪಿನೊಳಗೆ ತೂರುವ ರಬ್ಬರ್ ಬೆಣೆ, ಕೊನೆಗೆ ನಟ್ಟು. ಬೋಲ್ಟು ಬಿಗಿದಂತೆ ರಬ್ಬರ್ ಉಬ್ಬಿ ಪೈಪಿನ ಒಳಗೋಡೆ ಹಿಡಿಯುತ್ತದೆ. ಗುಂಡು ಹಿಡಿಯನ್ನು ಒಳಕ್ಕೆ ಒತ್ತಿ ಕೂರಿಸುತ್ತದೆ. ಸೈಕಲ್ ಗೋಡೆಗೆ ಒರಗಿದರೆ, ಬಿದ್ದರೆ ಮೊದಲ ಪೆಟ್ಟು ಗುಂಡಿಗೆ. ಚಕ್ಕೆ ಎದ್ದರೆ ಗುಂಡು ಒಂದನ್ನೇ ಬದಲಿಸಬಹುದು. ಹಾಗಾಗಿ ಎರಡು ಗುಂಡು ಹೆಚ್ಚಿಗೆ ಮಾಡಿಸಿಕೊಂಡೆ.

ಅಂಗೈ ಭಾಗಕ್ಕೆ ಮನೆಯಲ್ಲಿ ಅಗಸೆ ಎಣ್ಣೆ ಹಚ್ಚಿದೆ. ನುಣ್ಣನೆಯ ಎಮರಿ ಪೇಪರಿನಲ್ಲಿ ಉಜ್ಜಿ, ತೆಳ್ಳಗೆ ಎಣ್ಣೆ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ, ಒಣಗಲು ಬಿಟ್ಟು, ಮತ್ತೆ ಹಚ್ಚಬೇಕು. ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ತಾನಾಗಿಯೇ ಬಿಸಿಯಾಗುತ್ತದೆ, ಬೆಂಕಿಯೂ ಹತ್ತಬಹುದು. ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿಡಿ.

ಪೈಪಿಗೆ ಟ್ಯೂಬಿನ ತುಂಡು ತೊಡಿಸಿ, ಸೋಪಿನ ನೀರು ಸವರಿ, ಹಿಡಿಯನ್ನು ತಿರುಚುತ್ತಾ ತಳ್ಳಿದರೆ ಕೂರುತ್ತದೆ. ಸೋಪು ಒಣಗಿದ ಮೇಲೆ ಎರಡೂ ಕೈಯಿಂದ ಜೋರಾಗಿ ತಿರುಚಿ ನೋಡಿ. ಒಂದಿಷ್ಟೂ ತಿರುಗಬಾರದು. ತಿರುಗಿದರೆ ದಪ್ಪ ಟ್ಯೂಬು ಹಾಕಿ. ಈ ವಿಷಯದಲ್ಲಿ ನಡೆದೀತು ಬಿಡಿ ಅನ್ನುವ ಮಾತೇ ಇಲ್ಲ, ಇಳಿಜಾರಿನಲ್ಲಿ ಹಿಡಿ ಕೈಗೆ ಬಂದರೆ ಗತಿ ಏನು?

ಬುಟ್ಟಿ

ಬುಟ್ಟಿಗೆ ಮೇದರ ಕೇರಿಗೆ ಹೋದೆ. ಮೊರ, ಬುಟ್ಟಿ, ಮಂಕರಿ, ಏಣಿ ಎಲ್ಲ ಕಟ್ಟುವ ಕೈಗಳು. 12ನೇ ಶತಮಾನದ ಶರಣ ಮೇದಾರ ಕೇತಯ್ಯನ ಕಾಯಕವೂ ಇದೇ. ಅಷ್ಟು ಹಳೆಯ ಕಸುಬಿನ ಮುಂದೆ ಪ್ಲಾಸ್ಟಿಕ್ ಬುಟ್ಟಿ ನಿನ್ನೆ ಮೊನ್ನೆಯದು. ಆದರೂ ಸಂತೆಯಲ್ಲಿ ಗೆದ್ದಿರುವುದು ಪ್ಲಾಸ್ಟಿಕ್ಕೇ.

ನಾನು ಬರೆದುಕೊಂಡು ಹೋದದ್ದು ಚೌಕದ ಪೆಟ್ಟಿಗೆ. ಹೆಣೆಯುವ ಅಕ್ಕ ಚೀಟಿ ನೋಡಿ ಒಂದು ದಬ್ಬೆ, ಅಂದರೆ ಬಿದಿರಿನ ಸೀಳು, ತೆಗೆದುಕೊಂಡರು. ಮೂಲೆ ಮಡಚಿ ತೋರಿಸಿದರು. ಹೊರಗಿನ ಹಸಿರು ಸಿಪ್ಪೆ ಪಟ್ಟನೆ ಎದ್ದಿತು.

‘ಬಿದಿರು ಸುತ್ತಿ ಬರ್ತದೆ ಅಣ್ಣ, ಮುರಿದು ಬರಲ್ಲ. ತಳ ಚೌಕ ಇರ್ಲಿ, ಬಾಯಿ ಗುಂಡಾಗ್ಲಿ.’

ನಮ್ಮ ಹಳೇ ಬುಟ್ಟಿಗಳಲ್ಲಿ ಈ ಆಕಾರ ಇದ್ದೇ ಇದೆ. ಚೌಕದ ತಳ ಮುಂದಿನ ಚಕ್ರದ ಮೇಲಿನ ಕ್ಯಾರಿಯರ್‌ನಲ್ಲಿ ಅಲ್ಲಾಡದೆ ಕೂರುತ್ತದೆ. ಮೇಲಕ್ಕೆ ಹೋಗುತ್ತಾ ಮೂಲೆಗಳು ಕರಗಿ ಬಾಯಿ ದುಂಡಗಾಗುತ್ತದೆ. ಹಾಗಾಗಿ ಅಂಚು ಕಟ್ಟುವ ದಬ್ಬೆ ಒಂದೇ ಸುತ್ತಿನಲ್ಲಿ ಮುರಿಯದೆ ಹೋಗುತ್ತದೆ. ಕೊನೆಗೆ ನಿಂತ ಅಳತೆ ತಳ 30×24 ಸೆಂ.ಮೀ., ಎತ್ತರ 24. ಇದಕ್ಕಿಂತ ದೊಡ್ಡದು ಮಾಡಿದರೆ ಸುಮ್ನೆ ತುಂಬುತ್ತಾ ಹೋಗುತ್ತೇವೆ, ಹ್ಯಾಂಡಲ್ ಭಾರವಾಗಿ ತಿರುವಿನಲ್ಲಿ ಎಳೆಯುತ್ತದೆ. ಮುಂದಿನ ಬುಟ್ಟಿಗೆ ಐದು ಕಿಲೋ ಮೀರದಿದ್ದರೆ ಒಳ್ಳೆಯದು.

ಬಿದಿರಿನ ಶತ್ರು ಮಳೆಗಿಂತ ಹುಳು. ಬಿದಿರಿನೊಳಗಿನ ಪಿಷ್ಟ ತಿನ್ನಲು ಬಂದು ಹಿಟ್ಟು ಉದುರಿಸುತ್ತದಲ್ಲ, ಅದು. ಹಿಂದಿನವರು ಬಿದಿರನ್ನು ನೀರಲ್ಲಿ ಮುಳುಗಿಸಿಡುತ್ತಿದ್ದರು, ಅಟ್ಟದ ಮೇಲೆ ಹೊಗೆಗೆ ಇಡುತ್ತಿದ್ದರು. ಈಗ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ನೀರು ಇದೆ. ಬೋರಾಕ್ಸ್ ಒಂದೂವರೆ ಪಾಲು, ಬೋರಿಕ್ ಆಸಿಡ್ ಒಂದು ಪಾಲು. ಎರಡೂ ಸೇರಿ ನೀರಿನಲ್ಲಿ 5 ಶೇಕಡ. ಇಡೀ ಗಳುವಿಗಿಂತ ಸೀಳಿದ ದಬ್ಬೆ ಇದನ್ನು ಬೇಗ ಹೀರುತ್ತದೆ. ಆಮೇಲೆ ನೆರಳಲ್ಲಿ ಆರಿಸಬೇಕು. ಹೆಣೆಯುವ ಮೊದಲು ಮತ್ತೆ ಸ್ವಲ್ಪ ತೇವ ಮಾಡಿಕೊಳ್ಳಬೇಕು, ಒಣ ದಬ್ಬೆ ಬಾಗುವುದಿಲ್ಲ. ಕೆಲಸ ಮಾಡುವಾಗ ಕೈಗವಸು ಇರಲಿ. ಹೀಗೆ ಮಾಡಿದ ಬುಟ್ಟಿಯಲ್ಲಿ ತೊಳೆಯದೆ ತಿನ್ನುವ ಪದಾರ್ಥವನ್ನು ನೇರ ಇಡಬೇಡಿ, ಒಳಗೆ ಬಟ್ಟೆ ಚೀಲ ಹಾಕಿ. ದಬ್ಬೆ ನೆನೆಸುವ ಕೆಲಸವನ್ನು ನಾನೇ ಮಾಡಿಕೊಂಡು ಹೋಗಿ ಕೊಟ್ಟೆ. ಅಕ್ಕ ಮುಟ್ಟಿ ನೋಡಿ, ಬಿದಿರು ಹದವಾಗಿದೆ ಅಂದರು.

ಬಿದಿರು ಬಂದದ್ದು ಒಬ್ಬ ರೈತರ ಹೊಲದಂಚಿನಿಂದ. 2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಯ ತಿದ್ದುಪಡಿಯಲ್ಲಿ ಬಿದಿರನ್ನು ಮರ ಅನ್ನುವ ವ್ಯಾಖ್ಯೆಯಿಂದ ಕೈಬಿಟ್ಟರು. ಕಾಡಿನ ಹೊರಗೆ ಬೆಳೆದದ್ದಕ್ಕೆ ಆ ಕಾಯ್ದೆಯ ಕಟ್ಟು ಸಡಿಲವಾಯಿತು. ಬಿದಿರಿಗಾಗಿ ಅಲೆಯುವ ಮೇದರಿಗೆ ಹೊಲದಂಚಿನ ಒಂದು ಮೆಳೆಯೂ ದೊಡ್ಡ ಆಸರೆ. ಜಾಗ ಇರುವವರು ಬೆಳೆಯಬೇಕು ಅಂತ ನಾನು ಎಲ್ಲರ ಹತ್ತಿರವೂ ಹೇಳುತ್ತಿದ್ದೇನೆ.

ಬುಟ್ಟಿ ಕಟ್ಟುವಲ್ಲಿ ಯೋಚಿಸಬೇಕಾದ್ದು ಎರಡು. ಮೊದಲನೆಯದು ಬ್ರೇಕಿನ ರಾಡು. ಈ ಸೈಕಲ್ಲುಗಳಲ್ಲಿ ಮುಂದಿನ ಬ್ರೇಕಿನ ರಾಡು ಹ್ಯಾಂಡಲ್ಲಿನಿಂದ ಚಕ್ರದ ಕಡೆಗೆ ಮುಂಭಾಗದಲ್ಲೇ ಇಳಿಯುತ್ತದೆ. ಬ್ರೇಕ್ ಹಿಡಿದಾಗ ಅದು ಮೇಲಕ್ಕೆ ಸರಿಯುತ್ತದೆ. ಬುಟ್ಟಿ ಅದಕ್ಕೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ. ಅದಕ್ಕೆ ಆಲೆ ಮರದ್ದೇ 3 ಸೆಂ.ಮೀ. ಉದ್ದದ ಎರಡು ಗುಬ್ಬಿ, ಅಂದರೆ ಅಂತರ ಕೊಡುವ ತುಂಡು, ತಿರುವಿಸಿ, ಹ್ಯಾಂಡಲ್ಲಿಗೂ ಬುಟ್ಟಿಗೂ ನಡುವೆ ಕೂರಿಸಿದೆ. ಬುಟ್ಟಿ ತುಂಬಿಸಿ, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ರೇಕ್ ಹಿಡಿದು ನೋಡಿದ ಮೇಲೆಯೇ ರಸ್ತೆಗೆ ಇಳಿಸಿದ್ದು.

ಎರಡನೆಯದು ಬಿಗಿಯುವ ಬಗೆ. ಬೋಲ್ಟು ಹಾಕಿದರೆ ಬಿದಿರು ಅದುಮಿ ಸೀಳುತ್ತದೆ. ಅಕ್ಕ ಹಿಂಬದಿಯ ಎರಡು ನಿಲುವು ದಬ್ಬೆಗಳನ್ನು ಜೋಡಿ ಮಾಡಿ, ನಡುವೆ ಪಟ್ಟಿ ತೂರುವಷ್ಟು ಕಿಂಡಿ ಬಿಟ್ಟು ಹೆಣೆದರು. ಚಪ್ಪಲಿ ಹೊಲಿಯುವವರ ಹತ್ತಿರ ಬಕಲ್ ಹಾಕಿಸಿದ ತೊಗಲಿನ ಪಟ್ಟಿ ಆ ಕಿಂಡಿಯಲ್ಲಿ ತೂರಿ ಹ್ಯಾಂಡಲ್ಲಿಗೆ ಬಿಗಿಯುತ್ತದೆ. ಭಾರವೆಲ್ಲ ಕೆಳಗಿನ ಕಬ್ಬಿಣದ ಕ್ಯಾರಿಯರ್ ಮೇಲೆ. ಅದರ ಕಾಲುಗಳು ಮುಂದಿನ ಆಕ್ಸೆಲ್‌ಗೆ ಇಳಿಯುತ್ತವೆ. ಪಟ್ಟಿ ಬರೀ ಹಿಡಿದುಕೊಳ್ಳುವುದಕ್ಕೆ. ಬಕಲ್ ಬಿಚ್ಚಿದರೆ ಬುಟ್ಟಿ ಕೈಗೆ ಬರುತ್ತದೆ, ನೇರ ಅಡುಗೆಮನೆಗೆ ಒಯ್ಯಬಹುದು. ಬುಟ್ಟಿ ಬಂದ ಮೇಲೆ ದೀಪ ಮುಚ್ಚಿಹೋಗುತ್ತಿತ್ತು, ಅದನ್ನು ಫೋರ್ಕಿನ ಪಕ್ಕಕ್ಕೆ ಇಳಿಸಿದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಹೊಸ ಆಕಾರದ ಮೊದಲ ತುಂಡಿಗೆ ಮಾಮೂಲಿ ಬುಟ್ಟಿಯ ಬೆಲೆ ಕೊಡಬೇಡಿ. ಯೋಚಿಸಲು, ಬಿಚ್ಚಿ ಮತ್ತೆ ಹೆಣೆಯಲು ಅವರಿಗೆ ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಅವರು ಮಾರುವ ಬುಟ್ಟಿಗಳು ನಿಂತುಹೋಗಿರುತ್ತವೆ. ನಾನು ಎರಡೂ ಕಡೆ ಕೂಲಿ ಬೇರೆ, ಸಾಮಾನು ಬೇರೆ ಅಂತ ಲೆಕ್ಕ ಹಾಕಿ ಕೊಟ್ಟೆ. ವಿನ್ಯಾಸ ನನ್ನದು, ಕೈ ಮಾತ್ರ ಅವರದು ಅನ್ನುವ ಮಾತು ಸುಳ್ಳು. ಬಳೆ, ಕದಿರು, ದುಂಡು ಬಾಯಿ, ಕಿಂಡಿ ಎಲ್ಲವೂ ಅವರ ತಲೆಯಿಂದ ಬಂದವು.

ಚೈನ್ ಕವರ್, ಮಡ್‌ಗಾರ್ಡ್

ಚೈನ್ ಕವರ್ ಅಗಲವಾಗಿ ಖಾಲಿ ಇತ್ತು. ಅದರ ಮೇಲೆ ಹಸೆ ಚಿತ್ತಾರ ಬರೆಸು ಅಂತ ಗೆಳೆಯರು ಹೇಳಿದರು. ಮಲೆನಾಡಿನ ದೀವರ ಸಮುದಾಯದ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಬರೆಯುವ ಕಲೆ ಅದು. ಮದುವೆ ಮನೆಯ ಗೋಡೆಗೆ ಹುಟ್ಟಿದ್ದು. ತಗಡಿನ ಮೇಲೆ ಆ ಬಣ್ಣ ಒಂದು ಮಳೆಗೂ ನಿಲ್ಲುವುದಿಲ್ಲ. ಎನಾಮಲ್ಲಿನಲ್ಲಿ ಬರೆಸಿದರೆ ಗೆರೆ ಮಾತ್ರ ಉಳಿಯುತ್ತದೆ, ಮಣ್ಣು, ಅಕ್ಕಿ, ನಾರು ಯಾವುದೂ ಇರುವುದಿಲ್ಲ. ಅದಕ್ಕೆ ಒಪ್ಪಲಿಲ್ಲ.

ಅದರ ಬದಲು ಬೋರ್ಡ್ ಬರೆಯುವ ಹಿರಿಯರೊಬ್ಬರನ್ನು ಹಿಡಿದೆ. ಫ್ಲೆಕ್ಸ್ ಬಂದ ಮೇಲೆ ಇವರ ಕೈಗೆ ಕೆಲಸ ಕಡಿಮೆ. ಎನಾಮಲ್ ಬಣ್ಣ, ತಗಡಿನ ಮೈ ಎರಡೂ ಇವರಿಗೆ ಅಭ್ಯಾಸವಾದದ್ದೇ. ಹಳೇ ಸೈಕಲ್ಲುಗಳ ಮಡ್‌ಗಾರ್ಡಿನ ಮೇಲೆ ತೆಳ್ಳನೆಯ ಬಂಗಾರದ ಗೆರೆ ಇರುತ್ತಿತ್ತಲ್ಲ, ಅದನ್ನೇ ಉದ್ದ ಕೂದಲಿನ ಕುಂಚದಲ್ಲಿ, ಕಿರುಬೆರಳನ್ನು ತಗಡಿನ ಅಂಚಿಗೆ ಆನಿಸಿಕೊಂಡು ಒಂದೇ ಎಳೆತಕ್ಕೆ ಎಳೆದರು. ಚೈನ್ ಕವರ್ ಮೇಲೆ ಹಿಡಿಯ ಕಾಲುವೆಯದೇ ನೀಲಿಯಲ್ಲಿ ನಮ್ಮ ಊರಿನ ಹೆಸರು ಬರೆದರು. ಕೈಯಲ್ಲಿ ಬರೆದ ಅಕ್ಷರಗಳ ಆ ದುಂಡು ಯಾವ ಫಾಂಟಿನಲ್ಲೂ ಇಲ್ಲ.

ಓಡಿಸಿದ ಮೇಲೆ

ಒಂದು ಮಳೆಗಾಲ ಕಳೆದಿದೆ. ಅಂಗೈ ಭಾಗದ ಮರ ಜೇನು ಬಣ್ಣಕ್ಕೆ ತಿರುಗಿದೆ, ಬೆವರಿಗೆ ಜಾರುವುದಿಲ್ಲ. ಕಾಲುವೆಯ ಅರಗು ಹೊಳಪು ಉಳಿಸಿಕೊಂಡಿದೆ. ಬಲಗಡೆಯ ಗುಂಡಿಗೆ ಗೋಡೆ ತಾಗಿ ಚಕ್ಕೆ ಎದ್ದಿತ್ತು, ಹೆಚ್ಚಿಗೆ ಇದ್ದದ್ದನ್ನು ಹಾಕಿದೆ. ಬುಟ್ಟಿಯ ತಳ ಕ್ಯಾರಿಯರ್ ಕಂಬಿಗೆ ಉಜ್ಜಿ ಸವೆಯತೊಡಗಿತು. ಕಂಬಿಗೆ ಟ್ಯೂಬಿನ ಪಟ್ಟಿ ಸುತ್ತಿದ ಮೇಲೆ ನಿಂತಿತು. ಹುಳುವಿನ ಹಿಟ್ಟು ಈವರೆಗೆ ಕಂಡಿಲ್ಲ.

ಮಾಡಿಸಿಕೊಳ್ಳುವವರಿಗೆ ನಿರ್ವಹಣೆಯ ವಿಚಾರ: ಮಳೆಗಾಲಕ್ಕೆ ಮೊದಲು ಒಂದು ಸಲ, ಮುಗಿದ ಮೇಲೆ ಒಂದು ಸಲ ಅಗಸೆ ಎಣ್ಣೆ. ಅರಗನ್ನು ಒಣ ಬಟ್ಟೆಯಿಂದ ಒರೆಸಿದರೆ ಸಾಕು, ಸ್ಪಿರಿಟ್ ತಾಗಿಸಬೇಡಿ. ಸೈಕಲ್ ನೆರಳಲ್ಲಿ ನಿಲ್ಲಿಸಿ. ತೊಗಲಿನ ಪಟ್ಟಿ ನೆನೆದರೆ ಬಿಸಿಲಿಗೆ ಇಡದೆ ಗಾಳಿಗೆ ಆರಿಸಿ. ಬುಟ್ಟಿ ಒದ್ದೆಯಾದರೆ ಬೋರಲು ಹಾಕಿ ಒಣಗಿಸಿ.

ಗೇರ್ ಸೈಕಲ್ಲಿನ ನೇರ ಹ್ಯಾಂಡಲ್ಲುಗಳ ಹಿಡಿ ಕೂರುವ ಪೈಪೂ ಸಾಮಾನ್ಯವಾಗಿ 22.2 ಮಿ.ಮೀ.ನದ್ದೇ. ಹಾಗಾಗಿ ಇದೇ ತೂತು, ಇದೇ ರಬ್ಬರ್ ಅದಕ್ಕೂ ನಡೆಯುತ್ತದೆ. ತಿರುಚುವ ಗೇರ್ ಇದ್ದರೆ ಹಿಡಿಯ ಉದ್ದ 90ಕ್ಕೆ ಇಳಿಸಬೇಕು. ಅಳತೆಯ ಚೀಟಿ ಚನ್ನಪಟ್ಟಣದ ಲೇತಿನ ಗೋಡೆಯ ಮೇಲಿದೆ. ಹಿರಿಯರು ಈಗ ಅಂಥ ಒಂದು ಜೊತೆ ತಿರುವುತ್ತಿದ್ದಾರೆ, ಈ ಸಲ ಬಳೆಯನ್ನು ತಾಮ್ರದಲ್ಲಿ ಹಾಕಿ ನೋಡುತ್ತೇನೆ ಅಂದಿದ್ದಾರೆ.